ಏಳನೇ ಸ್ಥಾನದ ಆಟ

ಚಳ್ಳಕೆರೆ
12 ಜನವರಿ 2025

ರವಿ,

ನಿನ್ನೆ ಸಂಜೆ ನಿನ್ನ ಅವ್ವ ಫೋನ್ ಇಟ್ಟವಳೇ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದಳು. ಆಮೇಲೆ ನನ್ನ ಮುಂದೆ ಬಂದು ನಿಂತು, "ನಿನ್ನ ಮಗ ಇಂಡಿಯಾ ಟೀಮಿಗೆ ಸೇರ್ಕೊಂಡ್ನಂತೆ" ಎಂದಳು. ಯಾರಿಗೋ ಕಾಯಿಲೆ ಎಂಬ ಸುದ್ದಿ ಹೇಳುವ ಹಾಗೆ ಮೆಲ್ಲಗೆ ಹೇಳಿದಳು. ನಾನು ಕೈಸನ್ನೆ ಮಾಡಿ ಮತ್ತೆ ಹೇಳಿಸಿಕೊಂಡೆ.

ನಿನಗೆ ಫೋನಿನಲ್ಲಿ ಬರೆಯಲು ಕೂತೆ. ಈ ಬೆರಳಿಗೆ ಒಂದಕ್ಷರ ಒತ್ತಿದರೆ ಇನ್ನೊಂದು ಬೀಳುತ್ತದೆ. 'ಸಂತೋಷ' ಎಂದು ಬರೆಯಲು ಹೋಗಿ 'ಸಂತೆ' ಎಂದು ಹೋಯಿತು. "ಯಾವ ಸಂತೆ ಅಪ್ಪ?" ಎಂದು ನೀನು ಕೇಳಿದೆ. ಅದಕ್ಕೇ ಈ ಕಾಗದ. ಗಂಟಲಿನ ಆಪರೇಷನ್ ಆಗಿ ದನಿ ಹೋದ ಮೇಲೆ ನಾನು ನಿನ್ನೊಂದಿಗೆ ನೆಟ್ಟಗೆ ಮಾತಾಡಿದ್ದೆಲ್ಲ ಕಾಗದದಲ್ಲೇ. ಇದನ್ನೂ ಇಲ್ಲೇ ಹೇಳುತ್ತೇನೆ. ಸಂತೋಷ.

ಬೆಳಿಗ್ಗೆ ಬಸ್ ಡಿಪೋ ಕಡೆ ಹೋಗಿ ಸ್ಲೇಟಿನಲ್ಲಿ ಬರೆದು ತೋರಿಸಿದೆ: 'ರವಿಕಿರಣ್, ಭಾರತ ತಂಡ, ವಾಟರ್ ಪೋಲೋ.' ಕೆಂಚಣ್ಣ ಅಲ್ಲೇ ಇದ್ದ. ನಾನು ಕಂಡಕ್ಟರಾಗಿದ್ದ ಬಸ್ಸಿನ ಡ್ರೈವರಾಗಿ ಆಂಧ್ರದ ರಾಯದುರ್ಗದ ರೂಟಿನಲ್ಲಿ ಅರ್ಧ ಆಯಸ್ಸು ಕಳೆದವನು, ನಿವೃತ್ತಿಯಾದರೂ ಡಿಪೋ ಬಿಟ್ಟಿಲ್ಲ. ಸ್ಲೇಟನ್ನು ದೂರ ಹಿಡಿದು ಓದಿ, "ಪೋಲೋ ಅಂದ್ರೆ ಕುದ್ರೆ ಮೇಲೆ ಕೂತು ಆಡ್ತಾರಲ್ಲ, ಅದೇ ಏನ್ಲೇ ಪಾಲಯ್ಯ? ನೀರಾಗೆ ಕುದ್ರೆ ಹೆಂಗೆ ಇಳಿಸ್ತಾರೆ?" ಎಂದ. ನಾನು ಸ್ಲೇಟು ಒರೆಸಿಕೊಂಡು ಬಂದೆ. ನಿನ್ನ ಆಟ ನಾನು ಇಲ್ಲಿಯವರೆಗೆ ಒಂದನ್ನೂ ನೋಡಿಲ್ಲ. ನೀನು ಸೇನೆಗೆ ಸೇರಿದ್ದು ಈಜಿನಿಂದ ಎಂದು ಗೊತ್ತು, ಅದರಾಚೆ ಗೊತ್ತಿಲ್ಲ.

ಕೇಳಿದವರಿಗೆ ಹೇಳಲು ನನಗೂ ತಿಳಿದಿರಬೇಕು. ಬಿಡಿಸಿ ಬರಿ.

ನಿನ್ನ ಅಪ್ಪ,
ದೊಡ್ಡಪಾಲಯ್ಯ


ಪುಣೆ
2 ಫೆಬ್ರುವರಿ 2025

ಅಪ್ಪ,

ಕುದುರೆಯ ಜಾಗಕ್ಕೆ ಬಂದಾಗ ಮೆಸ್ಸಿನಲ್ಲೇ ನಕ್ಕುಬಿಟ್ಟೆ. ಯಾಕೆ ನಕ್ಕೆ ಎಂದು ಪಕ್ಕದವರು ಬಿಡಲಿಲ್ಲ, ಹಿಂದಿಯಲ್ಲಿ ಹೇಳಬೇಕಾಯಿತು. ಈಗ ಇಡೀ ಶಿಬಿರಕ್ಕೆ ಕೆಂಚಣ್ಣ ಮಾಮ ಗೊತ್ತು.

ಕುದುರೆ ಇಲ್ಲ ಎಂದು ಮಾಮನಿಗೆ ಹೇಳು. ಒಂದು ಕಡೆಗೆ ಏಳು ಜನ. ಆರು ಜನ ಚೆಂಡಿನ ಹಿಂದೆ, ಒಬ್ಬ ಗೋಲಿನಲ್ಲಿ. ನೀರು ಆಳುದ್ದಕ್ಕಿಂತ ಹೆಚ್ಚು, ತಳಕ್ಕೆ ಕಾಲು ಊರುವಂತಿಲ್ಲ. ಆಟ ಮುಗಿಯುವವರೆಗೆ ಎರಡೂ ಕಾಲು ಮಜ್ಜಿಗೆ ಕಡೆಯುವ ಹಾಗೆ ತಿರುಗುತ್ತಲೇ ಇರಬೇಕು. ಚೆಂಡನ್ನು ಒಂದೇ ಕೈಯಲ್ಲಿ ಹಿಡಿದು ಎಸೆಯಬೇಕು, ಎರಡು ಕೈ ಬಳಸುವ ಹಕ್ಕು ಗೋಲು ಕಾಯುವವನಿಗೆ ಮಾತ್ರ. ನೀರಿನ ಕೆಳಗೆ ಏನು ನಡೆಯುತ್ತದೆ ಎಂದು ಅವ್ವನಿಗೆ ಹೇಳಬೇಡ. ಒದೆಯುತ್ತಾರೆ, ಎಳೆಯುತ್ತಾರೆ, ರೆಫರಿಗೆ ಕಾಣುವುದಿಲ್ಲ.

ನಾನು ಗೋಲಿ, ಎಂದರೆ ಆ ಗೋಲು ಕಾಯುವವನು. ಕೆಂಪು ಟೋಪಿ ಹಾಕುವವನು. ಆದರೆ ಒಂದು ಮಾತು ಸರಿಪಡಿಸಬೇಕು. ಇದು ಇನ್ನೂ ಶಿಬಿರ, ತಂಡ ಅಲ್ಲ. ಮೇ ತಿಂಗಳಲ್ಲಿ ತಾಷ್ಕೆಂಟಿನಲ್ಲಿ ಏಷ್ಯಾದ ಎಂಟು ದೇಶಗಳ ಪಂದ್ಯಾವಳಿ ಇದೆ. ಅದಕ್ಕೆ ತಂಡ ಆರಿಸುವುದು ಏಪ್ರಿಲ್ ಕೊನೆಗೆ. ಮೊದಲನೇ ಗೋಲಿ ಕೇರಳದವರು, ಎಲ್ಲರೂ ಅವರ ಮಾತಿನಲ್ಲೇ 'ಚೇಟ', ಅಂದರೆ ಅಣ್ಣ, ಎನ್ನುತ್ತೇವೆ, ಬಹಳ ವರ್ಷಗಳಿಂದ ಆಡುತ್ತಿರುವ ಹಿರಿಯರು. ಅವರ ಜಾಗ ಗಟ್ಟಿ. ಎರಡನೇ ಗೋಲಿಯ ಜಾಗಕ್ಕೆ ನಾನು ಮತ್ತು ಬಂಗಾಳದ ಒಬ್ಬ ಹುಡುಗ.

ಕೋಚ್ ನನಗೆ ದಿನಾ ಹೇಳುವುದು ಒಂದೇ: "ನಿನಗೆ ಕೈ ಇದೆ, ಬಾಯಿ ಇಲ್ಲ." ಗೋಲಿಗೆ ಮಾತ್ರ ಇಡೀ ಕೊಳ ಕಾಣುತ್ತದಂತೆ. ಉಳಿದವರು ನೀರಿನ ಮಟ್ಟದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡಿರುತ್ತಾರೆ. ಯಾರು ಎಡಕ್ಕೆ ಸರಿಯಬೇಕು, ಯಾರ ಬೆನ್ನ ಹಿಂದೆ ಎದುರಾಳಿ ಬಂದ ಎಂದು ಗೋಲಿ ಕೂಗುತ್ತಲೇ ಇರಬೇಕು. ಬಂಗಾಳದ ಹುಡುಗನ ದನಿ ಗೋಡೆಗೆ ಬಡಿದು ವಾಪಸ್ಸು ಬರುತ್ತದೆ. ನನಗೆ ಕೂಗಲು ಬರುವುದಿಲ್ಲ ಎಂದಲ್ಲ. ಬಾಯಿ ತೆರೆದಾಗ

ಇರಲಿ. ಅಭ್ಯಾಸ ಮಾಡುತ್ತಿದ್ದೇನೆ. ಡಿಪೋದಲ್ಲಿ ಎಲ್ಲರಿಗೂ ಹೇಳಿದ್ದೀಯ, ಅದೊಂದೇ ಭಯ.

ರವಿ


ಚಳ್ಳಕೆರೆ
21 ಫೆಬ್ರುವರಿ 2025

ರವಿ,

ಮೊಳಕಾಲ್ಮುರು ಕಡೆ ಹೋಗಿದ್ದೆ. ನಿನ್ನ ದೊಡ್ಡಪ್ಪನ ಹೊಲದ ಬಾವಿಯಲ್ಲಿ ನೀರು ಮೆಟ್ಟಿಲಿನ ಅರ್ಧಕ್ಕೆ ಬಂದಿದೆ. ನೀನು ಈಜು ಕಲಿತ ಬಾವಿ. ಸೊಂಟಕ್ಕೆ ಹಗ್ಗ ಕಟ್ಟಿ ನಿನ್ನನ್ನು ಮೇಲಿನಿಂದ ಬಿಟ್ಟಾಗ ನೀನು ಅತ್ತದ್ದು ಬಾವಿಯ ತುಂಬಾ ಮೊಳಗಿ, ಆಚೆ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಹೆಂಗಸರು ಓಡಿಬಂದು ನನ್ನನ್ನು ಬೈದಿದ್ದರು. ಅಲ್ಲಿ ಹೆಂಗಸರು ಬೈದರೆ ಅರ್ಧ ಕನ್ನಡ ಅರ್ಧ ತೆಲುಗು. ಎರಡರಲ್ಲೂ ಬೈಸಿಕೊಂಡೆ. ನಿನ್ನ ಗಂಟಲು ಆಗ ಚೆನ್ನಾಗಿಯೇ ಇತ್ತು.

ವಾಪಸ್ಸು ಬರುವಾಗ ನಮ್ಮದೇ ರೂಟಿನ ಬಸ್ಸು. ಹಾನಗಲ್, ಬಿ.ಜಿ. ಕೆರೆ, ತಳಕು. ಈಗಿನ ಕಂಡಕ್ಟರ್ ಊರಿನ ಹೆಸರು ಕೂಗುವುದಿಲ್ಲ. ಜನ ತಾವೇ ಕಿಟಕಿಯಿಂದ ನೋಡಿ ಇಳಿಯುತ್ತಾರೆ. ಒಬ್ಬಳು ಮುದುಕಿ ತಳಕಿನಲ್ಲಿ ಇಳಿಯಬೇಕಾದವಳು ನಿದ್ದೆ ಹೋಗಿದ್ದಳು. ನಾನೇ ಎದ್ದು ಹೋಗಿ ಭುಜ ತಟ್ಟಿದೆ.

ನಿನ್ನ ಕಾಗದದಲ್ಲಿ ಒಂದು ಸಾಲು ಅರ್ಧಕ್ಕೆ ನಿಂತಿದೆ. ಅದನ್ನು ನಾನು ಬಹಳ ಸಲ ಓದಿದೆ.

ನಮ್ಮ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನಿನ್ನ ಅವ್ವ ಸೊಪ್ಪಿನವಳನ್ನು ಕೈಬೀಸಿ ಕರೆಯುತ್ತಾಳೆ. ನಿನ್ನ ತಂಗಿ ರಶ್ಮಿತಾ ಫೋನ್ ಬಂದರೆ ತಾರಸಿಗೆ ಹೋಗುತ್ತಾಳೆ. ನೀನು ರಜಕ್ಕೆ ಬಂದಾಗ ನನ್ನ ಪಕ್ಕ ಕೂತು, ದನಿ ನಿನಗೂ ಹೋಗಿದೆಯೇನೋ ಎನ್ನುವ ಹಾಗೆ ತುಟಿಯಲ್ಲೇ ಮಾತಾಡುತ್ತೀಯ. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಒಂದೇ ಕೇಳುತ್ತೇನೆ. ಅಲ್ಲಿ ನಿನ್ನ ಬಾಯಿ ಕಟ್ಟಿರುವುದು ನನ್ನಿಂದಲೋ?

ನಿನ್ನ ಅಪ್ಪ


ಚಳ್ಳಕೆರೆ
16 ಮಾರ್ಚ್ 2025

ಅಣ್ಣ,

ನಾನು ರಶ್ಮಿತಾ. ಕಾಗದ ಬರೆಯುವುದು ನಿನ್ನ ಮತ್ತು ಅಪ್ಪನ ವ್ಯವಹಾರ, ನಾನು ನಡುವೆ ಬರುವವಳಲ್ಲ. ಆದರೆ ನೀನು ಉತ್ತರ ಬರೆದಿಲ್ಲ. ಅಂಚೆಯ ಲೋಹಿತ ನಮ್ಮ ಬೀದಿಗೆ ಬರುವ ಹೊತ್ತಿಗೆ ಅಪ್ಪನಿಗೆ ಗೇಟಿನ ಹತ್ತಿರ ಏನಾದರೂ ಕೆಲಸ ಹುಟ್ಟಿಕೊಳ್ಳುತ್ತದೆ. ದಾಸವಾಳದ ಗಿಡಕ್ಕೆ ಎಷ್ಟು ಸಲ ನೀರು ಹಾಕುತ್ತಾನೋ, ಅದು ಕೊಳೆಯುತ್ತದೆ ಈಗ. ಏನು ಕೇಳಿದ್ದಾನೆಂದು ನನಗೆ ಗೊತ್ತಿಲ್ಲ, ತೋರಿಸಲೂ ಇಲ್ಲ.

ಇಲ್ಲಿ ಒಂದು ನಡೆಯಿತು. ಹೋದ ಭಾನುವಾರ ನಲ್ಲಿ ನೀರು ಬಂತು. ಅದನ್ನು ಹೇಳಲು ಅವ್ವ ಹಿತ್ತಲಿನಿಂದ ಒಳಗೆ ನಡೆದು ಬಂದು ನನ್ನ ಕಿವಿಯ ಹತ್ತಿರ, "ನೀರು ಬಂತು, ಇನ್ನೊಂದು ಬಿಂದಿಗೆ ತಗಂಡು ಬಾ" ಎಂದಳು. ಅಪ್ಪ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಎದ್ದು ಹೋಗಿ ಸ್ಟೀಲ್ ತಟ್ಟೆ ತಂದು ನೆಲಕ್ಕೆ ಬಡಿದ. ನಾವಿಬ್ಬರೂ ಹೆದರಿದೆವು. ಸ್ಲೇಟಿನಲ್ಲಿ ಬರೆದು ಅವ್ವನ ಕೈಗೆ ಕೊಟ್ಟ. ಅವಳು ಕೂಡಿಸಿಕೊಂಡು ಓದಲು ಹೊತ್ತಾಗುತ್ತದೆಂದು ನಾನೇ ಓದಿದೆ: 'ದನಿ ಹೋಗಿದ್ದು ನನ್ನದು. ನೀವು ಯಾಕೆ ಮೂಗರಾದಿರಿ?'

ಅವ್ವ ಸ್ಲೇಟನ್ನು ಕೆಳಗಿಟ್ಟಳು. ಆಮೇಲೆ ಶುರುಮಾಡಿದಳು ನೋಡು. "ನಿನ್ನ ಮನ್ಸಿಗೆ ನೋವಾಗ್ತೈತೆ ಅಂತ ಎರಡು ವರ್ಷದಿಂದ ಗಂಟ್ಲು ಬಿಗಿ ಹಿಡ್ಕೊಂಡು ಬದುಕಿದೀನಿ. ಒಬ್ರ ಮೇಲೆ ರೇಗಿಲ್ಲ, ಒಂದು ಹಾಡು ಹೇಳಿಲ್ಲ. ಈಗ ತಟ್ಟೆ ಬಡೀತೀಯಾ ನನ್ನ ಮುಂದೆ? ಅದೂ ಹೊಸಾ ತಟ್ಟೆ?" ಪಕ್ಕದ ಮನೆ ಸೂರಮ್ಮ ಓಡಿಬಂದು, "ಏನಾಯ್ತೇ ಕರಿಯಕ್ಕ, ಯಾರಿಗೇನಾಯ್ತು?" ಎಂದು ಬಾಗಿಲಲ್ಲಿ ನಿಂತಳು. ಅವ್ವ ಅವಳ ಮೇಲೂ ರೇಗಿದಳು. ಬಿಂದಿಗೆ ತುಂಬಿ ಹರಿಯುತ್ತಿತ್ತು, ಯಾರೂ ನಿಲ್ಲಿಸಲಿಲ್ಲ.

ಅಪ್ಪ ಕುರ್ಚಿಗೆ ವಾಪಸ್ಸು ಹೋಗಿ ಕೂತಿದ್ದ. ಅವನ ಭುಜ ಕುಣಿಯುತ್ತಿತ್ತು. ನಗುತ್ತಿದ್ದ. ಕುತ್ತಿಗೆಯಲ್ಲಿ ಆಪರೇಷನ್ನಿನ ತೂತು ಮುಚ್ಚಲು ಕಟ್ಟಿಕೊಳ್ಳುವ ಬಟ್ಟೆ ಸರಿದುಹೋಗಿತ್ತು, ಅದನ್ನೂ ಸರಿಮಾಡಿಕೊಳ್ಳಲಿಲ್ಲ.

ಈಗ ಮನೆಯಲ್ಲಿ ಕಿವಿ ಕೊಡಲಾಗದಷ್ಟು ಗದ್ದಲ. ನಾಯಕನಹಟ್ಟಿಯ ಶಾಲೆಯಲ್ಲಿ ಪಾಠ ಹೇಳಿ, ದಿನವಿಡೀ ಮಕ್ಕಳ ಗಲಾಟೆ ಕೇಳಿ ಬಂದರೆ ಇಲ್ಲಿ ಅವ್ವ. ಆದರೂ ಚೆನ್ನಾಗಿದೆ.

ಉತ್ತರ ಬರಿ.

ರಶ್ಮಿತಾ


ಪುಣೆ
25 ಮಾರ್ಚ್ 2025

ಅಪ್ಪ,

ತಡವಾಯಿತು. ನೀನು ಕೇಳಿದ್ದಕ್ಕೆ 'ಇಲ್ಲ' ಎಂದು ಬರೆದು ಹರಿದೆ. ಇನ್ನೊಂದು ಸಲ ಬರೆದು ಮತ್ತೆ ಹರಿದೆ. ನಿನಗೆ ಸುಳ್ಳು ಬರೆಯಲು ಆಗುವುದಿಲ್ಲ. ಹೌದು.

ಆಪರೇಷನ್ ಆದ ಮಾರನೇ ದಿನ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ನೀನು ಕಣ್ಣುಬಿಟ್ಟೆ. ನನ್ನನ್ನು ನೋಡಿ ಬಾಯಿ ತೆರೆದೆ. 'ರವಿ' ಎಂದು ಕರೆದೆ. ಶಬ್ದ ಬರಲಿಲ್ಲ. ಇನ್ನೊಂದು ಸಲ ಕರೆದೆ. ನಾನು ಕೇಳಿಸಿದವನ ಹಾಗೆ "ಹ್ಞೂಂ ಅಪ್ಪ, ಇಲ್ಲೇ ಇದೀನಿ" ಎಂದೆ. ನೀನು ಕಣ್ಣು ಮುಚ್ಚಿಕೊಂಡೆ.

ಶಾಲೆಗೆ ರಜ ಬಂದರೆ ನೀನು ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ನೀನು "ತಳಕೂ" ಎಂದರೆ ಮಲಗಿದ್ದವರೆಲ್ಲ ಏಳುತ್ತಿದ್ದರು. ಮೊಳಕಾಲ್ಮುರು ದಾಟಿದರೆ ಅದೇ ದನಿ ತೆಲುಗಿಗೆ ತಿರುಗುತ್ತಿತ್ತು, ಇಳಿಯಿರಿ ಎನ್ನಲು "ದಿಗಂಡಿ, ದಿಗಂಡಿ." ನನ್ನ ಅಪ್ಪ ಎರಡು ರಾಜ್ಯಕ್ಕೆ ಕೇಳಿಸುವ ಹಾಗೆ ಕೂಗುತ್ತಾನೆ ಎಂದು ಕ್ಲಾಸಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಈಗ ಗೋಲಿನಲ್ಲಿ ನಿಂತು ಕೂಗಲು ಉಸಿರು ತೆಗೆದುಕೊಂಡರೆ ಆಸ್ಪತ್ರೆಯ ಆ ಬಾಯಿ ಕಣ್ಣ ಮುಂದೆ ಬರುತ್ತದೆ. ನನ್ನ ದನಿ ಜೋರಾದಷ್ಟೂ ಅದನ್ನು ನಿನ್ನಿಂದ ಕಿತ್ತುಕೊಂಡ ಹಾಗೆ ಅನ್ನಿಸುತ್ತದೆ. ಉಸಿರು ಹಾಗೇ ಒಳಗೆ ಹೋಗುತ್ತದೆ.

ಇದನ್ನು ಕೋಚ್‌ಗೆ ಹೇಳಲು ಆಗುವುದಿಲ್ಲ. ಚೇಟನಿಗೆ ಸ್ವಲ್ಪ ಹೇಳಿದೆ. ಅವರು ತಮ್ಮ ತಟ್ಟೆಯ ಮೊಟ್ಟೆಯನ್ನು ನನ್ನ ತಟ್ಟೆಗೆ ಹಾಕಿದರು.

ಬಂಗಾಳದ ಹುಡುಗನೇ ಹೋಗಬಹುದು. ಬೇಜಾರು ಮಾಡಿಕೊಳ್ಳಬೇಡ.

ರವಿ


ಚಳ್ಳಕೆರೆ
1 ಏಪ್ರಿಲ್ 2025

ರವಿ,

ಮೊದಲು ಆಸ್ಪತ್ರೆಯ ವಿಷಯ. ಆ ದಿನ ನಾನು ನಿನ್ನ ಹೆಸರು ಕರೆಯಲೇ ಇಲ್ಲ. 'ಫ್ಯಾನು ಹಾಕು' ಎಂದೆ. ನಿನಗೆ ತಿಳಿಯಲಿಲ್ಲವೆಂದು ಇನ್ನೊಂದು ಸಲ ಹೇಳಿದೆ. ನೀನು "ಹ್ಞೂಂ ಅಪ್ಪ, ಇಲ್ಲೇ ಇದೀನಿ" ಎಂದು ನನ್ನ ಕೈ ಹಿಡಿದುಕೊಂಡು ಕೂತೆ. ಇವನಿಗೆ ಹೇಳಿ ಪ್ರಯೋಜನವಿಲ್ಲ ಎಂದು ಕಣ್ಣು ಮುಚ್ಚಿದೆ. ನರ್ಸಮ್ಮ ಬರುವವರೆಗೆ ಬೆವರಿನಲ್ಲಿ ನೆಂದೆ.

ಇದನ್ನು ಓದಿ ನೀನು ನಗಬೇಕು. ನಗದಿದ್ದರೆ ಮತ್ತೊಮ್ಮೆ ಓದು.

ನನ್ನ ದನಿ ಯಾರೂ ಕಿತ್ತುಕೊಂಡಿಲ್ಲ. ಬೀಡಿ ಕಿತ್ತುಕೊಂಡಿತು, ಉಳಿದದ್ದನ್ನು ಡಾಕ್ಟರು ತೆಗೆದು ಬಕೆಟ್ಟಿಗೆ ಹಾಕಿದರು. ಅದು ನಿನಗೆ ಬಂದಿಲ್ಲ. ನಿನ್ನದು ಹುಟ್ಟಿದಾಗಿನಿಂದ ನಿನ್ನದೇ.

ಇನ್ನು ಕೂಗುವ ವಿಷಯ. ಇದನ್ನು ಇನ್ನೊಬ್ಬರಿಗೆ ಹೇಳಿಕೊಡುವ ದಿನ ಬರುತ್ತದೆ ಎಂದುಕೊಂಡಿರಲಿಲ್ಲ. ಗಂಟಲಿನಿಂದ ಕೂಗಿದವನು ಹಾನಗಲ್ ಬರುವಷ್ಟರಲ್ಲಿ ಸೋಲುತ್ತಾನೆ. ಹೊಟ್ಟೆಯಿಂದ ಕೂಗಬೇಕು. ಎಲ್ಲರಿಗೂ ಸೇರಿಸಿ ಕೂಗಿದರೆ ಯಾರೂ ತಿರುಗುವುದಿಲ್ಲ. ಸಂತೆಯ ದಿನ ಬಾಗಿಲಲ್ಲಿ ನೇತಾಡುವವರಿಗೆ "ಒಳಗೆ ಬನ್ನಿ, ಒಳಗೆ ಬನ್ನಿ" ಎಂದರೆ ಪಕ್ಕದವನಿಗೆ ಹೇಳಿದ್ದು ಎಂದು ಪ್ರತಿಯೊಬ್ಬನೂ ಸುಮ್ಮನಿರುತ್ತಾನೆ. "ಏ ಹಸಿರಂಗಿ, ಒಳಗೆ ಬಾರಪ್ಪ" ಎನ್ನು. ಹಸಿರಂಗಿಯವನು ಬರುತ್ತಾನೆ, ಅವನ ಹಿಂದೆ ನಾಲ್ಕು ಜನ ಬರುತ್ತಾರೆ. ಹೆಸರು ಮೊದಲು, ಕೆಲಸ ಆಮೇಲೆ. ಸಿಟ್ಟಿನಲ್ಲಿ ಕೂಗಬೇಡ. ಸಿಟ್ಟಿನ ದನಿಗೆ ಜನ ತಿರುಗಿ ನೋಡುತ್ತಾರೆ, ಆದರೆ ಹೇಳಿದ್ದನ್ನು ಮಾಡುವುದಿಲ್ಲ.

ನನಗಂತೂ ಕೂಗುವುದು ಬಹಳ ಇಷ್ಟವಾಗಿತ್ತು. ಇದನ್ನು ನಿನ್ನ ಅವ್ವನಿಗೂ ಹೇಳಿಲ್ಲ. ಸಂಬಳ ಕೊಡದಿದ್ದರೂ ಕೂಗುತ್ತಿದ್ದೆನೇನೋ. ನೀನು ನಾಚಿಕೆಪಟ್ಟು ಸುಮ್ಮನಿದ್ದರೆ ನನಗೇನು ಸಿಕ್ಕ ಹಾಗಾಯಿತು?

ಕೂಗು.

ನಿನ್ನ ಅಪ್ಪ,
ದೊಡ್ಡಪಾಲಯ್ಯ


ತಾಷ್ಕೆಂಟ್
19 ಮೇ 2025

ಅಪ್ಪ,

ತಂಡದಲ್ಲಿ ಹೆಸರು ಬಂದ ದಿನ ಫೋನಿನಲ್ಲಿ ಅವ್ವ ಚೀರಿದ್ದು ಇಡೀ ಬ್ಯಾರಕ್ಕಿಗೆ ಕೇಳಿಸಿತು. "ಕೈ ನೋಡಿ ಆರಿಸಿದ್ದೇನೆ, ಬಾಯಿ ಇನ್ನೂ ಬರಬೇಕು" ಎಂದರು ಕೋಚ್. ಅದಾದ ಮೇಲೆ ಓಡಾಟದಲ್ಲಿ ಕೂತು ಬರೆಯಲು ಆಗಲಿಲ್ಲ. ಇದನ್ನು ಹೋಟೆಲಿನಲ್ಲಿ ಬರೆದು ಫೋಟೋ ತೆಗೆದು ರಶ್ಮಿತಾಳ ಫೋನಿಗೆ ಕಳಿಸುತ್ತೇನೆ. ಕಾಗದವನ್ನು ಆಮೇಲೆ ಅಂಚೆಗೆ ಹಾಕುತ್ತೇನೆ.

ನಾವು ಸೋತಿದ್ದೇವೆ. ಮೊದಲ ಆಟ ಸೋತೆವು, ಎರಡನೆಯದೂ ಸೋತೆವು. ಇಂದು ಜಪಾನ್ ಜೊತೆ ಸೋತೆವು, ಇಪ್ಪತ್ತನಾಲ್ಕಕ್ಕೆ ನಾಲ್ಕು. ತಪ್ಪು ಓದಿಲ್ಲ ನೀನು, ಇಪ್ಪತ್ತನಾಲ್ಕೇ. ಅವರು ನೀರಿನಲ್ಲಿ ನಿಲ್ಲುವುದನ್ನು ನೋಡಿದರೆ ಕೆಳಗೆ ಕಲ್ಲಿನ ಕಟ್ಟೆ ಇದೆಯೇನೋ ಅನ್ನಿಸುತ್ತದೆ.

ಅದರಲ್ಲಿ ಅರ್ಧ ಆಟ ನಾನು ಗೋಲಿನಲ್ಲಿದ್ದೆ. ಆಟಕ್ಕೆ ನಾಲ್ಕು ಪಾಳಿ, ಎರಡನೇ ಪಾಳಿಯ ಕೊನೆಗೆ ಒಂದು ಚೆಂಡು ಚೇಟನ ಬಲಗೈಗೆ ಬಡಿದು ಬೆರಳು ಹಿಂದಕ್ಕೆ ತಿರುಗಿಕೊಂಡಿತು. ದಡದಲ್ಲಿ ಕೂತು ತಮ್ಮ ಕೈ ನೋಡಿಕೊಳ್ಳದೆ ನನ್ನನ್ನೇ ನೋಡುತ್ತಿದ್ದರು. ಕೋಚ್ ಕೈ ಮಾಡಿದರು. ಟವೆಲ್ ತೆಗೆದು ನೀರಿಗೆ ಇಳಿದೆ. ಕೆಂಪು ಟೋಪಿಯ ಮೇಲೆ ಸಣ್ಣದಾಗಿ ನಮ್ಮ ಬಾವುಟ ಇದೆ ಅಪ್ಪ. ನೀರಿಗೆ ಇಳಿಯುವಾಗ ಅದನ್ನೊಮ್ಮೆ ಮುಟ್ಟಿಕೊಂಡೆ.

ಮೊದಲ ನಾಲ್ಕು ಗೋಲು ಎಲ್ಲಿಂದ ಬಂದವೆಂದೇ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡೇ ಇದ್ದೆ. ಐದನೆಯದು ಬರುವ ಮುಂಚೆ ನಮ್ಮ ಕ್ಯಾಪ್ಟನ್ ಬೆನ್ನ ಹಿಂದೆ ಒಬ್ಬ ಜಾರಿಕೊಂಡು ಬರುವುದು ಕಂಡಿತು. ಕ್ಯಾಪ್ಟನ್ನೂ ಬಂಗಾಳದವರು, ಅವರನ್ನು ದಾದಾ ಎನ್ನುತ್ತೇವೆ. "ದಾದಾ, ಪೀಛೇ" ಎಂದು ಕೂಗಿದೆ. ಹೆಸರು ಮೊದಲು. ದಾದಾ ತಿರುಗಿದರು, ಚೆಂಡು ಅವರ ಕೈಗೆ ಬಂತು. ಅವರು ಚೆಂಡು ಹಿಡಿದುಕೊಂಡು ಒಂದು ಕ್ಷಣ ನನ್ನನ್ನು ನೋಡಿದರು. ಇಷ್ಟು ದಿನ ಎಲ್ಲಿದ್ದೆ ಎನ್ನುವ ಹಾಗೆ.

ಆಮೇಲೆ ನಿಲ್ಲಿಸಲಿಲ್ಲ. ಸೋಲು ತಪ್ಪಲಿಲ್ಲ, ಆದರೆ ಕೊನೆಯ ಪಾಳಿಯಲ್ಲಿ ಜಪಾನಿಗೆ ಎರಡೇ ಗೋಲು ಬಿಟ್ಟೆವು. ಆಟ ಮುಗಿದಾಗ ಜಪಾನಿನ ಗೋಲಿ ಈಜಿಕೊಂಡು ಬಂದು ಕೈ ಕುಲುಕಿ ಏನೋ ಹೇಳಿದ, ತಿಳಿಯಲಿಲ್ಲ. ಕೋಚ್ ಒಂದೇ ಮಾತು ಅಂದರು, "ಬಾಯಿ ಬಂತು."

ಇನ್ನುಳಿದಿರುವುದು ಏಳನೇ ಸ್ಥಾನದ ಆಟ, ನಾಡಿದ್ದು ಮಧ್ಯಾಹ್ನ, ಹಾಂಕಾಂಗ್ ಜೊತೆ. ಚೇಟ ಆಡುವಂತಿಲ್ಲ. ಶುರುವಿನಿಂದ ನಾನೇ. ಯೂಟ್ಯೂಬಿನಲ್ಲಿ ಬರುತ್ತದೆ. ಆದರೆ ಅಪ್ಪ, ಎಂಟು ತಂಡದಲ್ಲಿ ಏಳು ಎಂದರೆ ಕೊನೆಯಿಂದ ಎರಡನೆಯದು. ಇದಕ್ಕೆ ಡಿಪೋದಲ್ಲಿ ಜನ ಸೇರಿಸಬೇಡ.

ರವಿ


ಚಳ್ಳಕೆರೆ
22 ಮೇ 2025

ರವಿ,

ಜನ ಸೇರಿಸಿದೆ.

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಟಿ.ವಿ.ಗೆ ರಶ್ಮಿತಾ ತನ್ನ ಫೋನನ್ನು ಜೋಡಿಸಿದಳು. ಡ್ಯೂಟಿ ಮುಗಿಸಿದ ಡ್ರೈವರ್ ಕಂಡಕ್ಟರುಗಳು, ವರ್ಕ್‌ಶಾಪಿನ ಹುಡುಗರು, ನಿನ್ನ ಅವ್ವ, ಸೂರಮ್ಮ. ಕೆಂಚಣ್ಣ ನನ್ನ ಪಕ್ಕ. ಆಟದ ಬಗ್ಗೆ ನೀನು ಬರೆದದ್ದನ್ನು ನಾನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಆದರೂ ಒಬ್ಬ ಬಂದು, "ಕುದ್ರೆ ಇನ್ನೂ ಬಂದಿಲ್ವಾ?" ಎಂದ. ಕೆಂಚಣ್ಣನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಕುದ್ರೆ ಅಲ್ಲಪ್ಪ, ಗೊತ್ತಿಲ್ದಿದ್ರೆ ಸುಮ್ಕೆ ಕೂತ್ಕೊ" ಎಂದ.

ಕೊಳದ ಸುತ್ತ ಕುರ್ಚಿಗಳೆಲ್ಲ ಖಾಲಿ. ಏಳನೇ ಸ್ಥಾನದ ಆಟ ನೋಡಲು ಆ ಊರಿನವರು ಯಾಕೆ ಬರುತ್ತಾರೆ. ವಿವರಣೆ ಹೇಳುವವನೂ ಇರಲಿಲ್ಲ. ಅದು ಒಳ್ಳೆಯದೇ ಆಯಿತು. ನೀರಿನ ಸದ್ದು, ರೆಫರಿಯ ಸೀಟಿ, ಅವೆರಡರ ಮೇಲೆ ನಿನ್ನ ದನಿ ಮಾತ್ರ. ಬೇರೆ ಏನೂ ಇಲ್ಲ. ತೆರೆಯ ಮೇಲೆ ನೀನು ಕಾಣದೆ ಎದುರಿನ ಗೋಲು ಕಾಣುವಾಗಲೂ ನಿನ್ನ ದನಿ ಬರುತ್ತಿತ್ತು.

ನನಗೆ ತಿಳಿದಷ್ಟು ಬರೆಯುತ್ತೇನೆ. ಅರ್ಧ ಆಟಕ್ಕೆ ನೀವು ಎರಡು ಗೋಲು ಹಿಂದೆ. ಮೂರನೇ ಪಾಳಿಯಲ್ಲಿ ಸಮ. ಕೊನೆಗೆ ಹನ್ನೊಂದು ಹತ್ತು, ನೀವು ಮುಂದೆ, ಒಂದು ನಿಮಿಷವೂ ಉಳಿದಿಲ್ಲ. ಆಗ ನಿಮ್ಮವನೊಬ್ಬನನ್ನು ರೆಫರಿ ಏನೋ ತಪ್ಪು ಹಿಡಿದು ಮೂಲೆಗೆ ಕಳಿಸಿದ. ಅವರು ಆರು ಜನ ನಿನ್ನ ಮೇಲೆ, ನಿನ್ನ ಮುಂದೆ ಐದು ಜನ. ನೀನು ಒಬ್ಬೊಬ್ಬನ ಹೆಸರು ಹಿಡಿದು ಕೂಗಿ ನಿಲ್ಲಿಸಿದೆ. ಮೊದಲು ಹಿಂದಿ ಇತ್ತು. ಚೆಂಡು ಎರಡು ಸಲ ಈ ಕಡೆಯಿಂದ ಆ ಕಡೆ ಹೋದ ಮೇಲೆ ನಿನಗೆ ಹಿಂದಿ ಮರೆತುಹೋಯಿತು. "ದಾದಾ, ಬಿಡಬ್ಯಾಡ, ಬಿಡಬ್ಯಾಡ" ಎಂದೆ. ದಾದಾ ಬಿಡಲಿಲ್ಲ. ಬಂಗಾಳದವನಿಗೆ ಚಳ್ಳಕೆರೆ ಕನ್ನಡ ಹೇಗೆ ತಿಳಿಯಿತೋ. ಅವರಲ್ಲಿ ಎಡಗೈಯವನೊಬ್ಬ ಎಸೆದ. ನೀನು ಸೊಂಟದವರೆಗೆ ನೀರಿನಿಂದ ಮೇಲೆದ್ದೆ. ಬೆರಳಿನ ತುದಿ ತಾಗಿ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಹೊರಗೆ ಹೋಯಿತು. ಆಟ ಮುಗಿಯಿತೆಂದು ಸೀಟಿ ಊದಿದರು.

ನಾನು ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದವನು. ಈ ರೂಟಿನಲ್ಲಿ ಸಾವಿರಾರು ಜನ ನನ್ನನ್ನು ಗುರುತು ಹಿಡಿಯುತ್ತಾರೆ. ನಿನ್ನೆ ಮೊದಲ ಸಲ ಡಿಪೋ ಗೇಟಿನಲ್ಲಿ ಹೊಸ ಹುಡುಗನೊಬ್ಬ ಇನ್ನೊಬ್ಬನಿಗೆ, "ಇವ್ರು ರವಿಕಿರಣನ ಅಪ್ಪ ಕಣೋ" ಎಂದು ತೋರಿಸಿದ. ನಾನು ಕೇಳಿಸದವನ ಹಾಗೆ ಸ್ವಲ್ಪ ನಿಧಾನವಾಗಿ ನಡೆದೆ.

ಏಷ್ಯಾದಲ್ಲಿ ಏಳನೆಯವನು ಎಂದರೆ ಏನೆಂದು ನನಗೆ ಯಾರೂ ಲೆಕ್ಕ ಹೇಳಿಕೊಡಬೇಕಾಗಿಲ್ಲ. ನಿನ್ನ ದನಿ ಕೇಳಿದೆ. ಚೆನ್ನಾಗಿದೆ.

ನಿನ್ನ ಅಪ್ಪ,
ದೊಡ್ಡಪಾಲಯ್ಯ


ಚಳ್ಳಕೆರೆ
23 ಮೇ 2025

ಅಣ್ಣ,

ಅವ್ವ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಒಂದಕ್ಷರ ತಿದ್ದಬಾರದಂತೆ. ಅಪ್ಪನ ಕಾಗದವನ್ನು ಅಂಚೆಗೆ ಹಾಕುವ ಮುಂಚೆ ನನ್ನಿಂದ ಓದಿಸಿಕೊಂಡು, "ಎಲ್ಲಾ ಬರ್ದವ್ನೆ, ತನ್ನ ಇಸ್ಯ ಬಿಟ್ಟು" ಎಂದು ಕೂತಿದ್ದಾಳೆ. ಇನ್ನು ಅವಳ ಮಾತು. ರಶ್ಮಿತಾ.

ರವಿ, ನಿಮ್ಮಪ್ಪ ಕುರ್ಚಿ ಮ್ಯಾಲೆ ಕೂತಿದ್ದು ಶುರುನಾಗೆ ಒಂದೀಟೊತ್ತು ಅಷ್ಟೇ. ಆಮ್ಯಾಲೆ ಎದ್ದು ನಿಂತ. ನಿಂತೋನು ಟಿ.ವಿ. ಮುಂದಕ್ಕೋಗಿ ನಿಂತ. ಹಿಂದ್ಲೋರಿಗೆ ಕಾಣಲ್ಲ ಅಂತ ಯಾರೂ ಅನ್ಲಿಲ್ಲ. ನೀನು ಒಂದು ಕೂಗಿದ್ರೆ ಅವ್ನೂ ಒಂದು ಕೂಗ್ತಾನೆ. ಬಾಯಿ ಇಷ್ಟಗಲ ತಗೀತಾನೆ, ಕತ್ತಿನ ನರ ಉಬ್ತೈತೆ, ಸದ್ದು ಮಾತ್ರ ಬರಲ್ಲ. ಕತ್ತಿನ ತೂತಿನಾಗೆ ಗಾಳಿ ಸುಯ್ ಅಂತೈತೆ ಅಷ್ಟೇ. ನನ್ಗೆ ನೋಡಾಕಾಗ್ಲಿಲ್ಲಪ್ಪ. ಸೆರಗು ಬಾಯಿಗೆ ಇಟ್ಕೊಂಡೆ.

ಆಗ ಕೆಂಚಣ್ಣ ಎದ್ದ. ಎದ್ದು ನಿಮ್ಮಪ್ಪನ ಪಕ್ಕದಾಗೆ ನಿಂತು, ಟಿ.ವಿ. ನೋಡೋದು ಬಿಟ್ಟು ನಿಮ್ಮಪ್ಪನ ಬಾಯೇ ನೋಡ್ತಾ ನಿಂತ. ನಿಮ್ಮಪ್ಪ ತುಟಿ ಆಡಿಸ್ತಾನೆ, ಕೆಂಚಣ್ಣ ಕೂಗ್ತಾನೆ. "ಎಡಕ್ಕೆ ನೋಡೋ ರವಿ." "ಆ ಗುಂಡನ್ನ ಬಿಡಬ್ಯಾಡ, ಅವ್ನು ಕಳ್ಳ." ಒಂದು ಮಾತು ತಪ್ಪಿಲ್ಲ ಅಂತೀನಿ. ಅಷ್ಟು ವರ್ಷ ಬಸ್ನಾಗೆ ಕನ್ನಡಿಯೊಳಗೆ ಇವನ ಮುಖ ನೋಡ್ಕೊಂಡೇ ಬಸ್ಸು ಬಿಟ್ಟೋನಲ್ವಾ. ನಡುವೆ ಒಂದ್ಸಲ ನಿಮ್ಮಪ್ಪ ಆ ಸೀಟಿ ಊದೋನ್ನ ನೋಡಿ ಏನೋ ಅಂದ. ಕೆಂಚಣ್ಣ ನನ್ ಕಡೆ ನೋಡಿ, "ಇದ್ನ ನಾನು ಕೂಗಲ್ಲಮ್ಮ, ಹೆಣ್ಮಕ್ಳು ಅವ್ರೆ" ಅಂದ. ಎಲ್ರೂ ನಕ್ಕರು.

ಕೊನೇನಾಗೆ ನೀನು ಬಿಡಬ್ಯಾಡ ಅಂದ್ಯಲ್ಲ, ಆಗ ಇಲ್ಲಿ ರೂಮಿನಾಗಿದ್ದೋರೆಲ್ಲ ಬಿಡಬ್ಯಾಡ ಬಿಡಬ್ಯಾಡ ಅಂತ ಒಂದೇ ಕೂಗು. ಸೂರಮ್ಮನೂ ಕೂಗಿದ್ಳು. ಅವಳಿಗೆ ಯಾರು ಯಾರನ್ನ ಬಿಡಬಾರ್ದು ಅಂತ್ಲೂ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಾಗಿದ್ದ ಜನ ಏನೋ ಜಗಳ ಅಂತ ಓಡಿ ಬಂದ್ರು. ನೀನು ಆ ಚೆಂಡು ತಡೆದಾಗ ನಿಮ್ಮಪ್ಪ ಕೆಂಚಣ್ಣನ್ನ ತಬ್ಕೊಂಡ. ನನ್ ಮದ್ವೆ ಆದಾಗಿಂದ ಆ ಮನುಷ್ಯ ಯಾರನ್ನೂ ನಾಲ್ಕು ಜನರ ಮುಂದೆ ತಬ್ಕೊಂಡಿದ್ದು ನಾನು ನೋಡಿಲ್ಲ.

ನಿನ್ನೆ ಬೆಳಿಗ್ಗೆ ಕೆಂಚಣ್ಣ ಮನೇಗೆ ಬಂದ. ಬಾಯಿ ತೆಗೆದ್ರೆ ಮಾತಿಲ್ಲ, ಗಂಟ್ಲು ಪೂರಾ ಕಟ್ಟೋಗೈತೆ. ಮೆಣಸಿನ ಕಷಾಯ ಕಾಸಿ ಇಬ್ರಿಗೂ ಕೊಟ್ಟೆ. ನಿಮ್ಮಪ್ಪನಿಗೆ ಯಾಕೆ ಅಂತ ಕೇಳಬ್ಯಾಡ, ಅವ್ನೂ ಕೂಗಿದ್ನಲ್ಲ. ಇಬ್ರೂ ಜಗಲಿ ಮ್ಯಾಲೆ ಕೂತು, ಲೋಟ ಹಿಡ್ಕೊಂಡು, ರೋಡಿನಾಗೆ ಹೋಗೋ ಬರೋರ್ನ ನೋಡ್ತಾ ಮಧ್ಯಾಹ್ನದವರ್ಗೂ ಒಂದು ಮಾತಿಲ್ದೆ ಕೂತಿದ್ರು. ಯಾರೋ ಏನೋ ದೊಡ್ಡ ಕೆಲ್ಸ ಮುಗಿಸಿ ಬಂದೋರಂಗೆ. ಹೋಗೋರು ಬರೋರು ನಿಂತು, "ಏನ್ರಿ ಪಾಲಯ್ಯನೋರೆ, ಮಗ ಗೆದ್ನಂತೆ" ಅಂತಾರೆ. ಇಬ್ರೂ ಒಟ್ಗೆ ತಲೆ ಆಡಿಸ್ತಾರೆ.

ನಿನ್ನ ಅವ್ವ,
ಕರಿಯಕ್ಕ